ದೊಡ್ಡವರ ಸ್ಕೀ ಬೂಟು: ಮಗುವಿನ ಕಾಲಿಗೆ ಯಾವಾಗ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೇ ಏರಿಯಾ ಎಂದು ಕರೆಯುವ ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೋಸೆ ಸುತ್ತಿನ ಊರುಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ದೀಪಾವಳಿಯ ಗದ್ದಲ ಇಳಿಯುತ್ತಿದ್ದಂತೆ ಅಲ್ಲಿನ ಗ್ಯಾರೇಜುಗಳ ಅಟ್ಟದಿಂದ ಸ್ಕೀ ಚೀಲಗಳು ಕೆಳಗಿಳಿಯುತ್ತವೆ. ಕಾರಿನಲ್ಲಿ ನಾಲ್ಕು ಗಂಟೆಯ ಹಾದಿ ಹೋದರೆ ಸಿಯೆರಾ ನೆವಾಡ ಬೆಟ್ಟಸಾಲು, ಅದರ ಮಡಿಲಲ್ಲಿ ಟಾಹೋ ಸರೋವರ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅದಕ್ಕೆ ಹತ್ತಿರದ ಕಣಿವೆಯಲ್ಲೇ. ಡಿಸೆಂಬರ್ ಬಂತೆಂದರೆ ಶನಿವಾರ ಬೆಳಗಿನ ಜಾವ ಚಪಾತಿ ಪಲ್ಯ ಕಟ್ಟಿಕೊಂಡು 80ನೇ ಹೆದ್ದಾರಿ ಹಿಡಿಯುವ ನಮ್ಮವರು ಕಡಿಮೆಯೇನಿಲ್ಲ.

ಅದಕ್ಕೂ ಮೊದಲು ಬೂಟಿನ ಪಂಚಾಯಿತಿ ಮುಗಿಯಬೇಕು. ಕಳೆದ ವರ್ಷದ ಬೂಟಿಗೆ ಹನ್ನೊಂದು ವರ್ಷದ ಮಗಳು ಕಾಲು ತೂರಿಸುತ್ತಾಳೆ, ಬೆರಳು ಮಡಚಿಕೊಳ್ಳುತ್ತದೆ. ಹೊಸದು ಬೇಕು. ಮತ್ತೆ ಮಕ್ಕಳ ಬೂಟನ್ನೇ ತರುವುದೋ, ದೊಡ್ಡವರದ್ದಕ್ಕೆ ಹೋಗುವುದೋ? ಅಪ್ಪನ ಲೆಕ್ಕ ಸಿದ್ಧವಾಗಿರುತ್ತದೆ: "ಹೇಗಿದ್ದರೂ ಅವಳ ನಂಬರು ದೊಡ್ಡವರ ಬೂಟಿನಲ್ಲೇ ಸಿಗುತ್ತೆ. ಒಂದು ಸಲ ಒಳ್ಳೆಯದು ಕೊಡಿಸಿಬಿಟ್ಟರೆ ನಾಲ್ಕು ವರ್ಷ ನೋಡುವ ಹಾಗಿಲ್ಲ." ಮಗಳಿಗೂ ಖುಷಿ. ಮಕ್ಕಳ ಬೂಟಿನ ಗೊಂಬೆ ಬಣ್ಣ ಅವಳಿಗೆ ಸಾಕಾಗಿದೆ.

ಈ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ. ಆ ಬೂಟನ್ನು ಮಗು ತನ್ನ ಕಾಲಿನ ಬಲದಿಂದ ಬಗ್ಗಿಸಬಲ್ಲದೇ ಎಂಬುದು ಮುಖ್ಯ. ಪಾದ ಒಳಗೆ ಹೋಯಿತೇ, ವಯಸ್ಸು ಎಷ್ಟಾಯಿತು ಎಂಬುದೆಲ್ಲ ಆಮೇಲೆ. ಬಗ್ಗಿಸುವ ದಿನ ಬಂದಾಗ ದೊಡ್ಡವರ ಬೂಟು ಕೊಡಿಸಿ. ಅಲ್ಲಿಯವರೆಗೆ ನಂಬರು ಎಷ್ಟೇ ಇರಲಿ, ಮಕ್ಕಳ ಬೂಟೇ ಸರಿ.

ಇದು ಅರ್ಥವಾಗಬೇಕಾದರೆ ಸ್ಕೀ ಬೂಟು ಮಾಡುವ ಕೆಲಸ ತಿಳಿದಿರಬೇಕು. ಬೆಂಗಳೂರಲ್ಲೋ ಧಾರವಾಡದಲ್ಲೋ ಕುಳಿತು ಕೇಳುತ್ತಿರುವವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಈ ಬೂಟಿನ ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು ಇರುತ್ತದೆ. ಅದಕ್ಕೆ ಶೆಲ್ ಎನ್ನುತ್ತಾರೆ. ಒಳಗೆ ಮೆತ್ತನೆಯ ಲೈನರ್. ಎದುರಿಗೆ ಬಿಗಿಮಾಡುವ ಬಕಲ್‌ಗಳು. ಚಿಪ್ಪು ಮೀನಖಂಡದ ಅರ್ಧದವರೆಗೂ ಏರುತ್ತದೆ. ಹಾಕಿಕೊಂಡು ನಡೆದರೆ ಯಾರಾದರೂ ರೋಬೋಟಿನ ಹಾಗೇ ಕಾಣುತ್ತಾರೆ. ನಡೆಯುವುದಕ್ಕೆಂದು ಮಾಡಿದ ವಸ್ತುವಲ್ಲ ಅದು. ಸ್ಕೀಯ ಮೇಲೆ ನಿಂತವರು ಮೊಣಕಾಲನ್ನು ಮುಂದಕ್ಕೆ ಬಾಗಿಸಿದಾಗ ಕಾಲಿನ ಮುಂದಿನ ಎಲುಬು ಬೂಟಿನ ನಾಲಗೆಯನ್ನು ಒತ್ತುತ್ತದೆ. ಆ ಒತ್ತಡ ಚಿಪ್ಪಿನ ಮೂಲಕ ಸ್ಕೀಯ ಮುಂತುದಿಗೆ ಹೋಗುತ್ತದೆ. ಮುಂತುದಿ ಹಿಮವನ್ನು ಕಚ್ಚಿದಾಗ ಸ್ಕೀ ತಿರುಗುತ್ತದೆ. ತಿರುಗಿದರೆ ವೇಗ ಹತೋಟಿಗೆ ಬರುತ್ತದೆ. ಇಳಿಜಾರಿನಲ್ಲಿ ಸ್ಕೀ ಮಾಡುವವರ ಬ್ರೇಕು, ಸ್ಟಿಯರಿಂಗು ಎರಡೂ ಈ ಬಾಗುವಿಕೆಯಲ್ಲೇ ಇವೆ.

ಹಿಂದೆ ಈ ಬೂಟುಗಳು ಚರ್ಮದ್ದಾಗಿದ್ದವು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗ್ ಪ್ಲಾಸ್ಟಿಕ್ ಬೂಟನ್ನು ಮಾರುಕಟ್ಟೆಗೆ ತಂದರು. ಚರ್ಮದ ಬೂಟು ಹೊಲಿಯುವುದರಲ್ಲಿ ಹೆಸರಾಗಿದ್ದ ಇಟಲಿಯ ಮೊಂಟೆಬೆಲ್ಲೂನ ಪ್ರದೇಶ ಪ್ಲಾಸ್ಟಿಕ್ಕಿಗೆ ಹೊರಳಿ ಜಗತ್ತಿನ ಸ್ಕೀ ಬೂಟಿನ ದೊಡ್ಡ ಕೇಂದ್ರವಾಯಿತು. ಗಟ್ಟಿ ಚಿಪ್ಪು ಬಂದಮೇಲೆ ಪಾದದ ಕೀಲಿಗೆ ರಕ್ಷಣೆ ಸಿಕ್ಕಿತು. ಆದರೆ ಬಿದ್ದಾಗಿನ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ. ಅದು ಬೂಟಿನ ಮೇಲಂಚಿಗೆ, ಅಲ್ಲಿಂದ ಕಾಲೆಲುಬಿಗೆ, ಮೊಣಕಾಲಿಗೆ ಏರಿತು. ಸ್ಕೀಯಲ್ಲಿ ಬಿದ್ದ ದೊಡ್ಡವರಲ್ಲಿ ಮೊಣಕಾಲಿನ ತಂತುಗಳು ಹರಿಯುವುದು ಹೆಚ್ಚು. ಮಕ್ಕಳಲ್ಲಿ ಮೊಣಕಾಲಿನ ಕೆಳಗಿನ ಎಲುಬು ಮುರಿಯುವುದು ದೊಡ್ಡವರಿಗಿಂತ ಹೆಚ್ಚಾಗಿ ಕಾಣುತ್ತದೆ. ಮಗುವಿನ ಬೂಟಿನ ವಿಷಯದಲ್ಲಿ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಇದಕ್ಕೇ.

ಈಗ ಅಳತೆಯ ಮಾತಿಗೆ ಬರೋಣ. ಸ್ಕೀ ಬೂಟಿನ ನಂಬರಿಗೆ ಮಾಂಡೋಪಾಯಿಂಟ್ ಎಂದು ಹೆಸರು. ಅದು ಬಹಳ ಸರಳ: ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ನಂಬರು. ಮಗುವನ್ನು ಗೋಡೆಗೆ ಹಿಮ್ಮಡಿ ತಾಗಿಸಿ, ಮೈಭಾರ ಪೂರ್ತಿ ಪಾದದ ಮೇಲೆ ಬೀಳುವ ಹಾಗೆ ನಿಲ್ಲಿಸಿ, ಅತಿ ಉದ್ದದ ಬೆರಳಿನವರೆಗೆ ಅಳೆಯಿರಿ. ಎರಡೂ ಪಾದ ಅಳೆಯಬೇಕು. ಸಾಮಾನ್ಯವಾಗಿ ಒಂದು ತುಸು ಉದ್ದವಿರುತ್ತದೆ. 23 ಸೆಂಟಿಮೀಟರ್ ದಾಟಿದ್ದರೆ 23.5. ಶಾಲೆಯ ಶೂ ನಂಬರು ಹೇಳಿ ಬೂಟು ಕೇಳಬೇಡಿ, ಎರಡಕ್ಕೂ ತಾಳೆಯಾಗುವುದಿಲ್ಲ. ಇನ್ನೊಂದು ವಿಷಯ: ಬಹುಪಾಲು ಕಂಪನಿಗಳಲ್ಲಿ 23 ಮತ್ತು 23.5ಕ್ಕೆ ಚಿಪ್ಪು ಒಂದೇ. ವ್ಯತ್ಯಾಸವೇನಿದ್ದರೂ ಒಳಗಿನ ಲೈನರಿನಲ್ಲಿ ಅಥವಾ ಅಂಗಾಲಿನ ಹಾಸಿನಲ್ಲಿ. ಆದ್ದರಿಂದ "ಅರ್ಧ ನಂಬರು ದೊಡ್ಡದು ಕೊಡಿ" ಎಂದರೆ ಕೆಲವೊಮ್ಮೆ ಏನೂ ಸಿಕ್ಕಂತಾಗುವುದಿಲ್ಲ, ಕೆಲವೊಮ್ಮೆ ಇಡೀ ಚಿಪ್ಪೇ ದೊಡ್ಡದಾಗಿಬಿಡುತ್ತದೆ.

ಮಕ್ಕಳ ಬೂಟು ಎಷ್ಟು ನಂಬರಿನವರೆಗೆ ಸಿಗುತ್ತದೆ? ತೀರ ಪುಟ್ಟವರಿಗೆ ಒಂದೇ ಬಕಲ್ಲಿನದು, ಆಮೇಲೆ ಎರಡರದು, ಮೂರರದು, ಕೊನೆಗೆ ನಾಲ್ಕು ಬಕಲ್ಲಿನದು. ಹೀಗೆ ಏರುತ್ತಾ 26.5ರವರೆಗೂ ಮಕ್ಕಳ ಬೂಟು ಬರುತ್ತದೆ. ದೊಡ್ಡವರ ಪೈಕಿ ಹೆಂಗಸರ ಬೂಟು 22.5ರ ಸುಮಾರಿಗೇ ಶುರುವಾಗುತ್ತದೆ. ಅಂದರೆ 22.5ರಿಂದ 26.5ರವರೆಗಿನ ಪಾದಕ್ಕೆ ಅಂಗಡಿಯಲ್ಲಿ ಎರಡೂ ಬಗೆಯವು ಸಿಗುತ್ತವೆ. ಗೊಂದಲ ಹುಟ್ಟುವುದು ಇಲ್ಲೇ. ಸುಮಾರು ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳು ಈ ನಡುವಿನ ಜಾಗದಲ್ಲಿ ನಿಂತಿರುತ್ತಾರೆ.

ನಂಬರು ಒಂದೇ ಆದರೂ ಆ ಎರಡು ಬೂಟುಗಳ ಸ್ವಭಾವ ಬೇರೆ. ಮಕ್ಕಳದ್ದು ಮೆತ್ತಗಿನ, ಹಗುರ ಪ್ಲಾಸ್ಟಿಕ್ಕಿನದು. ದೊಡ್ಡವರದ್ದು ದಪ್ಪ, ಭಾರ. ಬೂಟು ಎಷ್ಟು ಬಿರುಸು ಎಂದು ಹೇಳುವ ಅಂಕಿಗೆ ಫ್ಲೆಕ್ಸ್ ಎನ್ನುತ್ತಾರೆ. ಮಕ್ಕಳ ಬೂಟಿನಲ್ಲಿ ಅದು ಸಾಮಾನ್ಯವಾಗಿ 60ರೊಳಗೆ ಇರುತ್ತದೆ. ಪಂದ್ಯಕ್ಕೆ ಇಳಿಯುವ ಮಕ್ಕಳಿಗೆ ಇನ್ನೂ ಬಿರುಸಾದವು ಉಂಟು. ಹೆಂಗಸರದ್ದು 70ರಿಂದ 110, ಗಂಡಸರದ್ದು 80ರಿಂದ 130ರವರೆಗೆ ಹೋಗುತ್ತದೆ. ಈ ಅಂಕಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಒಂದು ಕಂಪನಿಯ 70, ಇನ್ನೊಂದರ 80ಕ್ಕೆ ಸಮವಿದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಅಂಕಿ ಬರೀ ದಾರಿ ತೋರಿಸುತ್ತದೆ. ತೀರ್ಮಾನ ಮಗುವಿನ ಕಾಲೇ ಹೇಳಬೇಕು.

ಅದನ್ನು ಕೇಳುವುದು ಹೇಗೆ? ಮೊದಲ ಪರೀಕ್ಷೆ ಚಿಪ್ಪಿನದು. ಲೈನರನ್ನು ಹೊರತೆಗೆಯಿರಿ. ಬರೀ ಚಿಪ್ಪಿನೊಳಗೆ ಮಗು ಕಾಲಿಡಲಿ, ಬೆರಳ ತುದಿ ಮುಂದೆ ತಾಗುವ ಹಾಗೆ ಜರುಗಲಿ. ಈಗ ಹಿಮ್ಮಡಿಯ ಹಿಂದೆ ನಿಮ್ಮ ಬೆರಳು ಇಳಿಸಿ ನೋಡಿ. ಒಂದು ಬೆರಳು ಸಲೀಸಾಗಿ ಇಳಿದರೆ ಚೆನ್ನಾದ ಅಳತೆ. ಬೆಳೆಯುವ ಮಗುವೆಂದು ಎರಡು ಬೆರಳಿನವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚು ಜಾಗವಿದ್ದರೆ ಆ ಬೂಟು ಮುಂದಿನ ವರ್ಷದ್ದು, ಈ ವರ್ಷದ್ದಲ್ಲ.

ಜೂನ್ ತಿಂಗಳಲ್ಲಿ ಶಾಲೆಯ ಶೂ ಕೊಳ್ಳುವಾಗ "ಬೆಳೆಯೋ ಕಾಲು, ಒಂದು ನಂಬರು ದೊಡ್ಡದೇ ಇರಲಿ" ಎನ್ನುವ ನಮ್ಮ ರೂಢಿ ಸಮುದ್ರ ದಾಟಿದರೂ ಬಿಟ್ಟಿಲ್ಲ. ಶೂ ದೊಡ್ಡದಾದರೆ ಮುಂದೆ ಹತ್ತಿ ತುರುಕಿ ವರ್ಷ ಕಳೆಯಬಹುದು. ಇಲ್ಲಿ ಹಾಗಾಗುವುದಿಲ್ಲ. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತದೆ, ಪಾದ ಹಿಂದೆ ಮುಂದೆ ಜಾರುತ್ತದೆ. ಮಗು ಒಂದು ಕಡೆ ತಿರುಗಬೇಕೆಂದರೂ ಕಾಲು ಬೂಟಿನೊಳಗೇ ತಿರುಗುತ್ತದೆ, ಸ್ಕೀ ತಿರುಗುವುದಿಲ್ಲ. ಜಾರಾಟ ನಿಲ್ಲಲೆಂದು ಬಕಲ್ ಬಿಗಿಯುತ್ತಾರೆ, ರಕ್ತದ ಓಡಾಟ ಕಡಿಮೆಯಾಗಿ ಬೆರಳು ಮರಗಟ್ಟುತ್ತದೆ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿಸಿದರೆ ಇನ್ನಷ್ಟು ಬಿಗಿದು ಇನ್ನಷ್ಟು ಚಳಿ. ತೆಳ್ಳಗಿನ, ಮೀನಖಂಡದವರೆಗೆ ಬರುವ ಒಂದೇ ಜೊತೆ ಕಾಲುಚೀಲ ಸಾಕು. ಟಾಹೋದ ತಪ್ಪಲಲ್ಲಿ "ಕಾಲು ಕೊರೀತಿದೆ" ಎಂದು ಅಳುವ ಮಗುವಿನ ಬೂಟು ಎಷ್ಟೋ ಸಲ ದೊಡ್ಡದೇ ಆಗಿರುತ್ತದೆ.

ಎರಡನೆಯ ಪರೀಕ್ಷೆ ಬಗ್ಗಿಸುವುದು. ಇದೇ ಮುಖ್ಯವಾದದ್ದು. ಲೈನರ್ ಮತ್ತೆ ಹಾಕಿ, ಬಕಲ್‌ಗಳನ್ನು ಹದವಾಗಿ ಬಿಗಿಯಿರಿ. ಮಗು ಎರಡೂ ಕಾಲಿಗೆ ಬೂಟು ಹಾಕಿ ನೇರ ನಿಲ್ಲಲಿ. ಆಗ ಬೆರಳ ತುದಿ ಲೈನರಿಗೆ ಮೆಲ್ಲಗೆ ತಾಗಬೇಕು. ಈಗ ಹಿಮ್ಮಡಿ ಏಳಿಸದೆ, ಸೊಂಟ ಹಿಂದಕ್ಕೆ ತಳ್ಳದೆ, ಮೊಣಕಾಲನ್ನು ಮುಂದಕ್ಕೆ ಬಾಗಿಸಲು ಹೇಳಿ. ಬೆರಳು ಹಿಂದೆ ಸರಿದು ಬಿಡುವಾಗಬೇಕು, ಕಾಲೆಲುಬು ನಾಲಗೆಗೆ ಒರಗಬೇಕು, ಬೂಟಿನ ಮೇಲ್ಭಾಗ ಕಣ್ಣಿಗೆ ಕಾಣುವಷ್ಟು ಮುಂದೆ ಬರಬೇಕು. ಮೊಣಕಾಲು ಬೆರಳಿನ ಗೆರೆಯನ್ನು ದಾಟಿ ಹೋಗಬೇಕು. ಮಗು ಹಲ್ಲು ಕಚ್ಚಿ ಒತ್ತಿದರೂ ಬೂಟು ಕದಲದಿದ್ದರೆ, ಅಥವಾ ಬಾಗುವ ಬದಲು ಸೊಂಟ ಮುರಿದು ಕುರ್ಚಿಯ ಮೇಲೆ ಕೂತ ಹಾಗೆ ಕೂತರೆ, ಆ ಬೂಟು ಬೇಡ.

ಇನ್ನೊಂದು ಎಚ್ಚರ. ಅಂಗಡಿ ಬೆಚ್ಚಗಿರುತ್ತದೆ. ಪ್ಲಾಸ್ಟಿಕ್ಕು ಚಳಿಗೆ ಬಿರುಸಾಗುತ್ತದೆ. ಅಂಗಡಿಯಲ್ಲಿ ಕಷ್ಟಪಟ್ಟು ಬಾಗಿದ ಬೂಟು ಜನವರಿಯ ಬೆಳಗ್ಗೆ ಬೆಟ್ಟದ ನೆತ್ತಿಯಲ್ಲಿ ಬಾಗುವುದೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಅದೇ ಬೂಟು ಮೆತ್ತಗಾಗುತ್ತದೆ, ಆದರೆ ಮಗು ಕಲಿಯುವುದು ಬರೀ ಏಪ್ರಿಲ್‌ನಲ್ಲಲ್ಲ. ಅಂಗಡಿಯಲ್ಲಿ ಸುಲಭವಾಗಿ, ಸ್ವಲ್ಪ ಹೆಚ್ಚೇ ಬಾಗಿದರೆ ಸರಿ.

ಬಾಗದ ಬೂಟಿನಿಂದ ಏನಾಗುತ್ತದೆಂದು ಇಳಿಜಾರಿನ ಕೆಳಗೆ ನಿಂತು ನೋಡಿದರೆ ತಿಳಿಯುತ್ತದೆ. ಮಗು ಹಿಂದಕ್ಕೆ ಒರಗಿಕೊಂಡು ಬರುತ್ತದೆ. ಮುಂತುದಿಗೆ ಭಾರ ಸಿಗದ ಸ್ಕೀ ತನ್ನಿಷ್ಟಕ್ಕೆ ಓಡುತ್ತದೆ. ತೊಡೆಯ ಸ್ನಾಯು ಉರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಗು "ಸಾಕು, ಮನೆಗೆ ಹೋಗೋಣ" ಎನ್ನುತ್ತದೆ. ಶಿಕ್ಷಕರು ದಿನವಿಡೀ "ಮುಂದೆ ಬಾಗು, ಮುಂದೆ ಬಾಗು" ಎಂದು ಕೂಗಿದರೂ ಪ್ರಯೋಜನವಿಲ್ಲ, ಬೂಟು ಬಿಡುತ್ತಿಲ್ಲ. ಅಪ್ಪ ಅಮ್ಮ ಅದನ್ನು ಭಯವೆಂದೋ ಸೋಮಾರಿತನವೆಂದೋ ತಿಳಿಯುತ್ತಾರೆ.

ಒಂದೇ ಪಾದದ ಅಳತೆಯ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಇಬ್ಬರದ್ದೂ 24.5. ಒಬ್ಬಳು ಕಡ್ಡಿಯಂತಿದ್ದಾಳೆ, ತೂಕ 34 ಕಿಲೊ. ಇನ್ನೊಬ್ಬ ಗಟ್ಟಿಮುಟ್ಟು, 54 ಕಿಲೊ, ಐದಾರು ವರ್ಷದಿಂದ ಸ್ಕೀ ಮಾಡುತ್ತಿದ್ದಾನೆ. ಮೊದಲನೆಯವಳಿಗೆ ನಾಲ್ಕು ಬಕಲ್ಲಿನ ಮಕ್ಕಳ ಬೂಟು ಹೇಳಿ ಮಾಡಿಸಿದಂತಿರುತ್ತದೆ. ಎರಡನೆಯವನು ಅದೇ ಬೂಟಿಗೆ ಒರಗಿದರೆ ಅದು ಕುಸಿದುಬಿಡುತ್ತದೆ, ಆಸರೆ ಕೊಡುವುದಿಲ್ಲ; ಅವನಿಗೆ ದೊಡ್ಡವರ ಮೆತ್ತನೆಯ ಬೂಟು ಬೇಕು. ಹೌದು, ತಡಮಾಡುವುದೂ ತಪ್ಪೇ. ತೂಕ, ವೇಗ ಎರಡೂ ಬಂದಮೇಲೆ ಮಕ್ಕಳ ಬೂಟಿನಲ್ಲೇ ಉಳಿದರೆ ತಿರುವಿನಲ್ಲಿ ಕಾಲು ನಿಲ್ಲುವುದಿಲ್ಲ.

ಈ ವಯಸ್ಸಿನ ಒಂದು ವಿಚಿತ್ರವನ್ನೂ ನೆನಪಿಡಬೇಕು. ಮಕ್ಕಳು ದಿಢೀರನೆ ಬೆಳೆಯುವ ಕಾಲದಲ್ಲಿ ಪಾದ ಮೊದಲು ಬೆಳೆಯುತ್ತದೆ, ಎತ್ತರ ಆಮೇಲೆ, ಸ್ನಾಯುವಿನ ಬಲ ಅದಕ್ಕೂ ಆಮೇಲೆ. ಹಾಗಾಗಿ ಪಾದದ ನಂಬರು ಮಗುವಿನ ಬಲಕ್ಕಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ ಓಡುತ್ತಿರುತ್ತದೆ. ನಂಬರನ್ನೇ ನಂಬಿದರೆ ಮೋಸಹೋಗುವುದು ಖಂಡಿತ.

ದೊಡ್ಡವರ ಬೂಟಿಗೆ ಹೋಗುವ ಮೊದಲ ಮೆಟ್ಟಿಲಾಗಿ ಹೆಂಗಸರ ಬೂಟು ಬಹಳ ಒಳ್ಳೆಯದು, ಹುಡುಗಿಯರಿಗೂ ಹುಡುಗರಿಗೂ. ಅದರ ಕಾರಣ ಸರಳ. ಬೂಟಿನ ಮೇಲಂಚು ಮಗುವಿನ ಕಾಲಿಗೆ ಎಷ್ಟು ಎತ್ತರಕ್ಕೆ ಬರುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಂಡಸರ ಬೂಟು ಎತ್ತರ. ಗಿಡ್ಡ ಕಾಲಿನ ಹುಡುಗನಿಗೆ ಅದು ಮೀನಖಂಡದ ಉಬ್ಬನ್ನು ಒತ್ತಿ ಅವನನ್ನು ಮುಂದಕ್ಕೆ ತಳ್ಳುತ್ತದೆ. ಹೆಂಗಸರ ಬೂಟಿನ ಮೇಲಂಚು ತಗ್ಗಾಗಿರುತ್ತದೆ, ಬಾಯಿ ಅಗಲವಿರುತ್ತದೆ, ಫ್ಲೆಕ್ಸ್ 70ರಿಂದಲೇ ಸಿಗುತ್ತದೆ. ಹನ್ನೆರಡರ ಹುಡುಗ "ಲೇಡೀಸ್ ಬೂಟು ನಾನು ಹಾಕಲ್ಲ" ಎಂದು ಮುಖ ಊದಿಸಿದರೆ ಕಪ್ಪು ಬಣ್ಣದ್ದನ್ನು ಹುಡುಕಿ. ಹಿಮದ ಮೇಲೆ ಯಾರೂ ಗುರುತಿಸುವುದಿಲ್ಲ.

ಮೂರನೆಯ ವಿಷಯ ಬೂಟಿನ ಕೆಳಗಿದೆ. ಅದನ್ನೇ ಅನೇಕರು ಮರೆಯುತ್ತಾರೆ. ಬೂಟನ್ನು ಸ್ಕೀಗೆ ಹಿಡಿದಿಡುವ ಯಂತ್ರಕ್ಕೆ ಬೈಂಡಿಂಗ್ ಎನ್ನುತ್ತಾರೆ. ಅದಕ್ಕೆ ಎರಡು ಕೆಲಸ: ಸ್ಕೀ ಮಾಡುವಾಗ ಬಿಡಬಾರದು, ಬಿದ್ದಾಗ ಹಿಡಿಯಬಾರದು. ಕಾಲು ತಿರುಚಿಕೊಳ್ಳುವ ಮೊದಲೇ ಬೂಟು ಕಳಚಿಕೊಳ್ಳಬೇಕು. ಇದು ಸರಿಯಾಗಿ ನಡೆಯಬೇಕಾದರೆ ಬೂಟಿನ ತಳ, ಬೈಂಡಿಂಗ್ ಎರಡಕ್ಕೂ ಹೊಂದಿಕೆ ಇರಬೇಕು. ಐಎಸ್‌ಒ 5355 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ತಳಗಳು ಎರಡು ಬಗೆ: ದೊಡ್ಡವರದ್ದು 'ಎ', ಮಕ್ಕಳದ್ದು 'ಸಿ'. ಎ ತಳದ ಮುಂಭಾಗ ಸುಮಾರು 69 ಮಿಲಿಮೀಟರ್ ಅಗಲ, 19 ಮಿಲಿಮೀಟರ್ ದಪ್ಪ. ಸಿ ತಳ ಸುಮಾರು 62 ಅಗಲ, 16.5 ದಪ್ಪ. ನೋಡುವುದಕ್ಕೆ ಅಲ್ಪ ವ್ಯತ್ಯಾಸ. ಆದರೆ ಮಕ್ಕಳ ಬೂಟನ್ನು ದೊಡ್ಡವರ ಬೈಂಡಿಂಗಿಗೆ ಹಾಕಿದರೆ ಆ ಎರಡೂವರೆ ಮಿಲಿಮೀಟರ್ ಸಂದಿನಲ್ಲಿ ಎಲ್ಲ ಲೆಕ್ಕವೂ ತಪ್ಪುತ್ತದೆ. ಕಳಚಬೇಕಾದಾಗ ಕಳಚುವುದಿಲ್ಲ, ಇಲ್ಲವೇ ಸುಮ್ಮನೆ ಕಳಚುತ್ತದೆ. ಮಕ್ಕಳ ಸ್ಕೀಗೆ ಬರುವ ಬೈಂಡಿಂಗ್‌ಗಳಲ್ಲಿ ಅನೇಕವು ಎ, ಸಿ ಎರಡನ್ನೂ ಹಿಡಿಯುತ್ತವೆ. ಎಲ್ಲವೂ ಅಲ್ಲ. ಇತ್ತೀಚೆಗೆ ಗ್ರಿಪ್‌ವಾಕ್ ಎಂಬ, ನಡೆಯಲು ಅನುಕೂಲವಾದ ರಬ್ಬರ್ ತಳವೂ ಬಂದಿದೆ; ಅದಕ್ಕೆ ಒಪ್ಪುವ ಬೈಂಡಿಂಗೇ ಬೇಕು. ಯಾವುದಕ್ಕೆ ಯಾವುದು ಒಪ್ಪುತ್ತದೆಂದು ಅಂಗಡಿಯವರು ಗುರುತು ನೋಡಿ ಹೇಳಬಲ್ಲರು.

ಅದಕ್ಕೇ ಬೂಟು ಕೊಳ್ಳಲು ಹೋಗುವಾಗ ಸ್ಕೀಯನ್ನೂ ಜೊತೆಗೊಯ್ಯಿರಿ. ತಳ ಒಪ್ಪಿದರೂ ಕೆಲಸ ಮುಗಿಯುವುದಿಲ್ಲ. ಎಷ್ಟು ಬಲ ಬಿದ್ದಾಗ ಕಳಚಬೇಕು ಎಂಬ ಅಂಕಿಯನ್ನು ಎಲ್ಲರೂ ಡಿನ್ ಎನ್ನುತ್ತಾರೆ. ಅದನ್ನು ಮಗುವಿನ ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ರೀತಿ ಮತ್ತು ಬೂಟಿನ ತಳದ ಉದ್ದ, ಈ ಐದನ್ನೂ ಕೋಷ್ಟಕಕ್ಕೆ ಹಾಕಿ ತೆಗೆಯುತ್ತಾರೆ. ತಳದ ಉದ್ದ ಬೂಟಿನ ಹಿಮ್ಮಡಿಯ ಬದಿಯಲ್ಲಿ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಬೂಟು ಬದಲಾಯಿತೆಂದರೆ ಈ ಉದ್ದ ಬದಲಾಯಿತು, ಅಂಕಿಯೂ ಬದಲಾಗಬೇಕು. ಒಂಬತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಕೋಷ್ಟಕದಲ್ಲಿ ಒಂದು ಸಾಲು ಮೇಲೆ ಹೋಗಿ ಕಡಿಮೆ ಅಂಕಿ ಕೊಡುತ್ತಾರೆ. ಐವತ್ತು ದಾಟಿದ ಅಜ್ಜ ಅಜ್ಜಿಯರಿಗೂ ಇದೇ ರಿಯಾಯಿತಿ. ಉದ್ದವಾಗಿ ಬೆಳೆದ ಸಪೂರ ಮಗುವಿಗೆ ಎತ್ತರದ ಸಾಲು ಬಿಟ್ಟು ತೂಕದ ಸಾಲನ್ನೇ ಹಿಡಿಯುತ್ತಾರೆ. ಮನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅಪ್ಪಂದಿರು ಮಾಡುವ ಕೆಲಸ ಇದಲ್ಲ. ಅಂಗಡಿಯವರು ಕೇಳಿದಾಗ "ನಮ್ಮವಳು ತುಂಬಾ ಚೆನ್ನಾಗಿ ಮಾಡ್ತಾಳೆ" ಎಂದು ಹೆಮ್ಮೆ ಬೆರೆಸಿ ಹೇಳಬೇಡಿ. ನಿಮ್ಮ ಹೆಮ್ಮೆ ಅಂಕಿಯನ್ನು ಏರಿಸುತ್ತದೆ. ಮಗು ಬಿದ್ದಾಗ ಸ್ಕೀ ಕಳಚುವುದು ತಡವಾಗುತ್ತದೆ.

ಇನ್ನು ದುಡ್ಡಿನ ಮಾತು. ಮಗುವಿನ ಪಾದ ವರ್ಷಕ್ಕೆ ಸುಮಾರು ಒಂದು ನಂಬರು ಬೆಳೆಯುತ್ತದೆ. ಪ್ರತಿವರ್ಷ ಹೊಸ ಬೂಟು ಕೊಳ್ಳುವುದು ಯಾರಿಗೂ ಹಿತವಲ್ಲ. ಅಮೆರಿಕದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಇದಕ್ಕೆ ಒಳ್ಳೆಯ ದಾರಿಯಿದೆ: ಇಡೀ ಋತುವಿಗೆ ಬಾಡಿಗೆ. ಶರತ್ಕಾಲದಲ್ಲಿ ಅಳತೆ ಕೊಟ್ಟು ಬೂಟು, ಸ್ಕೀ ತಂದು, ಹಿಮ ಕರಗಿದಾಗ ಹಿಂದಿರುಗಿಸುವುದು. ನಡುವೆ ಪಾದ ಬೆಳೆದರೆ ಬದಲಾಯಿಸಿ ಕೊಡುವ ಅಂಗಡಿಗಳೂ ಇವೆ. ಸ್ವಿಟ್ಜರ್ಲೆಂಡಿನ ಶಾಲೆಗಳಲ್ಲಿ ಸ್ಕೀ ಶಿಬಿರದ ಪಟ್ಟಿ ಕೈಗೆ ಬಂದಾಗ ಗಾಬರಿಯಾಗುವ ಹೊಸ ಕನ್ನಡ ಕುಟುಂಬಗಳು ಕೊಳ್ಳುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು. ಅಣ್ಣನದ್ದು ತಮ್ಮನಿಗೆ, ಅಕ್ಕನದ್ದು ತಂಗಿಗೆ, ಕನ್ನಡ ಕೂಟದ ಗೆಳೆಯರದ್ದು ನಮಗೆ ಎನ್ನುವ ರೂಢಿಗೂ ನಾನು ವಿರೋಧಿಯಲ್ಲ. ಚಿಪ್ಪಿನ ಪರೀಕ್ಷೆ, ಬಗ್ಗಿಸುವ ಪರೀಕ್ಷೆ ಅದಕ್ಕೂ ಮಾಡಿ. ತಳ ಸವೆದಿದ್ದರೆ ಬೇಡ, ಬೈಂಡಿಂಗಿಗೆ ಸರಿಯಾಗಿ ಕೂರುವುದಿಲ್ಲ. ಹತ್ತಾರು ವರ್ಷ ಅಟ್ಟದಲ್ಲಿದ್ದ ಪ್ಲಾಸ್ಟಿಕ್ಕು ಹೊರಗೆ ಹೊಸದರಂತೆ ಕಂಡರೂ ಬಿರುಕುಬಿಡಬಹುದು. ಶಾಖಕೊಟ್ಟು ಕಾಲಿನ ಆಕಾರಕ್ಕೆ ಕೂರಿಸುವ ದುಬಾರಿ ಬೂಟನ್ನು ಪಾದ ಬೆಳೆಯುವುದು ನಿಂತಮೇಲೆ ಕೊಂಡರಾಯಿತು. ಹುಡುಗಿಯರಿಗೆ ಆ ಹಂತ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಬರುತ್ತದೆ.

ನಮ್ಮ ದೇಶದಲ್ಲೇ ಹಿಮ ನೋಡಲು ಹೋಗುವವರಿಗೆ ಒಂದು ಮಾತು. ಗುಲ್ಮಾರ್ಗ್‌ನಲ್ಲೋ ಔಲಿಯಲ್ಲೋ ಎರಡು ದಿನದ ಮಟ್ಟಿಗೆ ಮಗುವಿಗೆ ಬಾಡಿಗೆ ಬೂಟು ತೆಗೆದುಕೊಳ್ಳುವಾಗ, ಚಿಕ್ಕ ನಂಬರಿನದ್ದು ಕೈಗೆಟುಕಲಿಲ್ಲವೆಂದು ದೊಡ್ಡವರ ಬೂಟು ಕೊಟ್ಟರೆ ಒಪ್ಪಬೇಡಿ. ಇನ್ನೊಂದು ಅಂಗಡಿ ನೋಡಿ. ಲೈನರ್ ಒಣಗಿದೆಯೇ, ಬಕಲ್‌ಗಳೆಲ್ಲ ಹಿಡಿಯುತ್ತವೆಯೇ, ನಿಂತಲ್ಲೇ ಮೊಣಕಾಲು ಬಾಗುತ್ತದೆಯೇ ಎಂದು ನೋಡಿಕೊಂಡೇ ಬೆಟ್ಟ ಹತ್ತಿಸಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದದ್ದನ್ನು ಓದಿ ಸ್ಕೀಯ ಆಸೆ ಹುಟ್ಟಿದ ಮಕ್ಕಳು ನಮ್ಮಲ್ಲಿ ಇದ್ದಾರು. ಭವಾನಿಯವರದ್ದು ನಾರ್ಡಿಕ್ ಸ್ಕೀಯಿಂಗ್. ಹಿಮ್ಮಡಿ ಎತ್ತಿ ಓಡುವ ಆಟ. ಅದಕ್ಕೆ ಮೆತ್ತನೆಯ, ಹಗುರ ಬೂಟು. ಇಂದು ನಾನು ಹೇಳಿದ ನಿಯಮಗಳು ಇಳಿಜಾರಿನ ಸ್ಕೀಗೆ ಮಾತ್ರ.

ಇಷ್ಟೆಲ್ಲ ಕೇಳಿದ ಮೇಲೂ "ಹಾಗಾದರೆ ಎಷ್ಟನೇ ವಯಸ್ಸಿಗೆ?" ಎಂದು ನೀವು ಕೇಳಬಹುದು. ಪಾದ 22.5 ದಾಟುವವರೆಗೆ ಆ ಪ್ರಶ್ನೆಯನ್ನೇ ಎತ್ತಬೇಡಿ. ದಾಟಿದ ಮೇಲೆ ಪ್ರತಿವರ್ಷ ಅಂಗಡಿಯಲ್ಲಿ ಎರಡೂ ಬಗೆಯ ಬೂಟು ತರಿಸಿ, ಒಂದು ಕಾಲಿಗೆ ಮಕ್ಕಳದ್ದು, ಇನ್ನೊಂದು ಕಾಲಿಗೆ ದೊಡ್ಡವರದ್ದು ಹಾಕಿಸಿ. ಹತ್ತು ನಿಮಿಷ ಓಡಾಡಲಿ, ಬಾಗಲಿ. ಯಾವುದು ಚಂದ ಎಂದು ಕೇಳಬೇಡಿ. ಯಾವುದು ಬಾಗುತ್ತದೆ, ಎಲ್ಲಿ ಒತ್ತುತ್ತದೆ ಎಂದು ಕೇಳಿ. ಮಗು ಹೇಳಿದ್ದನ್ನು ನಂಬಿ, ಬೆಲೆಪಟ್ಟಿಯನ್ನು ಆಮೇಲೆ ನೋಡಿ. ಒಂದು ವರ್ಷ ತಡವಾಗಿ ದೊಡ್ಡವರ ಬೂಟಿಗೆ ಹೋದ ಮಗು ಆ ಒಂದು ವರ್ಷ ತುಸು ಮೆತ್ತನೆಯ ಬೂಟಿನಲ್ಲಿ ಖುಷಿಯಾಗಿಯೇ ಆಡಿರುತ್ತದೆ. ಒಂದು ವರ್ಷ ಮೊದಲೇ ಹೋದ ಮಗುವಿಗೆ ಹಿಂದಕ್ಕೆ ಒರಗುವ ಅಭ್ಯಾಸ ಅಂಟಿಬಿಡುತ್ತದೆ. ಅದನ್ನು ಬಿಡಿಸುವುದಕ್ಕೆ ಬೂಟು ಬದಲಾಯಿಸಿದರೆ ಸಾಲದು, ಮೊದಲಿನಿಂದ ಕಲಿಸಬೇಕಾಗುತ್ತದೆ. ಆದ್ದರಿಂದ ಅನುಮಾನ ಬಂದರೆ ಈ ವರ್ಷಕ್ಕೆ ಮಕ್ಕಳ ಬೂಟೇ ಇರಲಿ.